ಕಲ್ಲು ತಿರುಗುವಷ್ಟು ಹೊತ್ತು

ಕೆಲವು ದಿನಗಳ ಹಿಂದೆ, ಮಳೆ ನಿಂತರೂ ಮಾಡಿನ ಹನಿಗಳು ಇನ್ನೂ ನಿಲ್ಲದಿದ್ದ ಒಂದು ಸಂಜೆ, ತರುಣನೊಬ್ಬನು ತನ್ನ ಕವಿತೆಗಳ ಹಸ್ತಪ್ರತಿಯನ್ನು ನೆನೆಯದಂತೆ ಎದೆಗವಚಿಕೊಂಡು ನಮ್ಮ ಮನೆಗೆ ಬಂದಿದ್ದನು. ಅವನು ಕುಳಿತಿದ್ದಂತೆಯೇ ಹತ್ತಾರು ಪದ್ಯಗಳನ್ನು ಓದಿದೆನು. ಛಂದಸ್ಸಿನಲ್ಲಿ ದೋಷವಿರಲಿಲ್ಲ, ಪದಸಂಪತ್ತಿಗೆ ಕೊರತೆಯಿರಲಿಲ್ಲ. ಆದರೂ ಆ ಪದ್ಯಗಳಲ್ಲಿ ಮತ್ತೆಮತ್ತೆ ಬರುವ ಹಿಮಶಿಖರವನ್ನು ಆತನು ಕಂಡವನಾಗಿರಲಿಲ್ಲ, ಅಲ್ಲಿ ಭೋರ್ಗರೆಯುವ ಸಾಗರದ ದಡದಲ್ಲಿ ಒಂದು ಇರುಳನ್ನೂ ಕಳೆದವನಾಗಿರಲಿಲ್ಲ. ಹೀಗೇಕೆಂದು ಮೆಲ್ಲನೆ ಕೇಳಿದುದಕ್ಕೆ ಅವನು ತಲೆ ತಗ್ಗಿಸಿಕೊಂಡು, "ಸರ್, ನನ್ನ ಬದುಕಿನಲ್ಲಿ ಬರೆಯುವಂಥದ್ದು ಏನೂ ನಡೆಯುವುದಿಲ್ಲ. ಬೆಳಗ್ಗೆ ಎದ್ದರೆ ಬಸ್ಸು, ಆಮೇಲೆ ಆಫೀಸು, ಸಂಜೆ ಮತ್ತೆ ಅದೇ ಬಸ್ಸು. ಸ್ಫೂರ್ತಿ ಎಲ್ಲಿಂದ ಬರಬೇಕು?" ಎಂದನು.

ಆ ಪ್ರಶ್ನೆಯಲ್ಲಿ ಕೃತಕತೆಯ ಲೇಶವೂ ಇರಲಿಲ್ಲವಾದುದರಿಂದ, ಒಡನೆಯೇ ಹೊಳೆದ ಯಾವುದೋ ಹಿತವಚನವನ್ನು ಹೇಳಿ ಅವನನ್ನು ಕಳುಹಿಸಿಬಿಡುವುದು ನನಗೆ ಸರಿಯೆನಿಸಲಿಲ್ಲ. ಚಹಾ ಕುಡಿದು ಅವನು ಹೊರಟುಹೋದನು; ಪ್ರಶ್ನೆ ಮಾತ್ರ ಉಳಿಯಿತು. ಅಂದು ಹೇಳಲಾಗದೆ ಹೋದುದನ್ನು ಇಂದು ಈ ಅಂಕಣದಲ್ಲಿ ಸಾವಕಾಶವಾಗಿ ಹೇಳಿನೋಡುತ್ತೇನೆ.

ಸ್ಫೂರ್ತಿಯೆಂಬ ಶಬ್ದವನ್ನು ಎಲ್ಲಿಯೋ ಮೇಲಿನಿಂದ ಇಳಿದು ಬರುವ ಅನುಗ್ರಹಕ್ಕೆ ಹೆಸರಾಗಿ ಬಳಸುವುದು ನಮಗೆ ರೂಢಿಯಾಗಿದೆ. ಅದರ ಮೂಲದಲ್ಲಿರುವ 'ಸ್ಫುರ್' ಧಾತುವಿಗಾದರೋ ಅದುರು, ಮಿಡಿ, ಮಿನುಗು ಎಂಬ ಅರ್ಥಗಳಿವೆ. ಕಣ್ಣು ಅದುರಿದಾಗ ನಮ್ಮ ಹಿರಿಯರು ಎಡವೋ ಬಲವೋ ಎಂದು ಶಕುನ ನೋಡುತ್ತಿದ್ದರಲ್ಲವೆ, ಆ ಅದುರುವಿಕೆಗೂ ಸಂಸ್ಕೃತದಲ್ಲಿ ನೇತ್ರಸ್ಫುರಣವೆಂದು ಇದೇ ಧಾತುವಿನ ಹೆಸರು. ನಮ್ಮ ಮೈಯಲ್ಲಿಯೇ, ನಾವು ಕರೆಯದಿದ್ದರೂ, ಇದ್ದಕ್ಕಿದ್ದಂತೆ ಮಿಡಿಯುವ ಒಂದು ಸಣ್ಣ ಚಲನೆಯಿಂದ ಈ ದೊಡ್ಡ ಶಬ್ದವು ಹುಟ್ಟಿತೆಂಬುದನ್ನು ನೆನೆದಾಗಲೆಲ್ಲ ನನಗೆ ಒಂದು ಬಗೆಯ ಧೈರ್ಯ ಬರುತ್ತದೆ. ಇನ್ನು, 11ನೆಯ ಶತಮಾನದಲ್ಲಿ ಕಾಶ್ಮೀರದಲ್ಲಿದ್ದ ಮಮ್ಮಟನು ತನ್ನ 'ಕಾವ್ಯಪ್ರಕಾಶ'ದಲ್ಲಿ ಕಾವ್ಯದ ಹುಟ್ಟಿಗೆ ಕಾರಣವೇನೆಂಬುದನ್ನು ವಿಚಾರಿಸುವಾಗ, ಜನ್ಮಜಾತವಾದ ಶಕ್ತಿ, ನಿಪುಣತೆ, ಕಾವ್ಯಜ್ಞರ ಶಿಕ್ಷಣದಲ್ಲಿ ನಡೆಸಿದ ಅಭ್ಯಾಸ ಎಂಬ ಮೂರನ್ನು ಹೆಸರಿಸಿ, ಇವು ಮೂರು ಬೇರೆಬೇರೆ ಕಾರಣಗಳಾಗದೆ ಮೂರೂ ಕೂಡಿಯೇ ಒಂದು ಕಾರಣವಾಗುವುದೆಂದು ನಿರ್ಣಯಿಸಿದನು. ಈ ಮೂರರಲ್ಲಿ ನಡುವಿನದಾದ ನಿಪುಣತೆಯು ಎಲ್ಲಿಂದ ಬರುವುದೆಂದರೆ, ಲೋಕ, ಶಾಸ್ತ್ರ, ಕಾವ್ಯ ಮೊದಲಾದವುಗಳನ್ನು ಚೆನ್ನಾಗಿ ಅವಲೋಕಿಸುವುದರಿಂದ. ಆ ಪಟ್ಟಿಯ ಅನುಕ್ರಮವನ್ನು ಓದುಗರು ಗಮನಿಸಬೇಕು: ಶಾಸ್ತ್ರಕ್ಕೂ ಮೊದಲು, ಕಾವ್ಯಕ್ಕೂ ಮೊದಲು, ಲೋಕ. ಅಲಂಕಾರಶಾಸ್ತ್ರವನ್ನು ಅಷ್ಟು ಬಿಗಿಯಾಗಿ ಬರೆದ ಪಂಡಿತನೂ ಕವಿಯಾಗುವವನನ್ನು ಮೊತ್ತಮೊದಲು ಕಳುಹಿಸುವುದು ಬೀದಿಗೆ, ಹೊಲಕ್ಕೆ, ಮನೆಯಂಗಳಕ್ಕೆ.

ಆದರೆ ಲೋಕವನ್ನು ನೋಡಬೇಕೆಂಬ ಈ ಮಾತನ್ನು ನಾವು ಬಹಳಮಟ್ಟಿಗೆ ತಪ್ಪಾಗಿ ತಿಳಿದುಕೊಂಡಿದ್ದೇವೆಂದು ನನಗೆ ತೋರುತ್ತದೆ. ನೋಡುವುದೆಂದರೆ ದಡದಲ್ಲಿ ನಿಂತು ನೋಡುವುದು, ಕೈಗೆ ಮಣ್ಣಂಟದಂತೆ ನೋಡುವುದು, ಇಂದು ಏನಾದರೂ ಸಿಕ್ಕೀತೇ ಎಂದು ಬೇಟೆಗಾರನಂತೆ ಹೊಂಚುತ್ತ ನೋಡುವುದು ಎಂದುಕೊಂಡರೆ, ದಿನನಿತ್ಯದ ಜೀವನವು ನಮಗೆ ತನ್ನ ಒಳಗನ್ನು ಬಿಟ್ಟುಕೊಡುವುದಿಲ್ಲ. ಅದು ಕೊಡುವುದು ತನ್ನಲ್ಲಿ ಕೈಯಿಟ್ಟವರಿಗೆ. ಈ ನನ್ನ ನಂಬಿಕೆಗೆ ಆಧಾರವು ಯಾವ ಗ್ರಂಥದಲ್ಲಿಯೂ ಇಲ್ಲ, ಒಂದು ಬೀಸುವ ಕಲ್ಲಿನಲ್ಲಿದೆ.

ವಿಜಯಪುರ ಸೀಮೆಯ ಒಂದು ಹಳ್ಳಿಯಲ್ಲಿ, ಬಾಲ್ಯದಲ್ಲಿ ನನಗೆ ಎಚ್ಚರವಾಗುತ್ತಿದ್ದುದು ಕೋಳಿಯ ಕೂಗಿನಿಂದಲ್ಲ. ಅದಕ್ಕೂ ಮೊದಲೇ, ಇನ್ನೂ ನಕ್ಷತ್ರಗಳು ಮಾಸದ ಹೊತ್ತಿನಲ್ಲಿ, ಅಡುಗೆಮನೆಯ ಪಕ್ಕದ ಕತ್ತಲೆಯ ಮೂಲೆಯಿಂದ ಒಂದು ಗುಡುಗುಡು ಸದ್ದು ನೆಲದೊಳಗಿನಿಂದಲೇ ಬರುತ್ತಿದೆಯೋ ಎಂಬಂತೆ ಹಾಸಿಗೆಯವರೆಗೂ ಹರಿದುಬರುತ್ತಿತ್ತು. ಅಜ್ಜಿ ಮತ್ತು ಸೋದರತ್ತೆ ಎದುರುಬದುರಾಗಿ ಕುಳಿತು, ಒಂದೇ ಗೂಟಕ್ಕೆ ಇಬ್ಬರೂ ಕೈಹಚ್ಚಿ, ಅಂದಿನ ರೊಟ್ಟಿಗೆ ಬೇಕಾದ ಜೋಳವನ್ನು ಬೀಸುತ್ತಿದ್ದರು. ಕೆಳಗಲ್ಲು ಅಲುಗದಂತೆ ನೆಲಕ್ಕೆ ಕೂತಿರುತ್ತದೆ. ಮೇಲ್ಗಲ್ಲು ಅದರ ನಡುಗೂಟದ ಸುತ್ತ ತಿರುಗುತ್ತದೆ. ಮೇಲ್ಗಲ್ಲಿನ ಬಾಯಿಗೆ ಒಬ್ಬಳು ಎಡಗೈಯಿಂದ ಹಿಡಿಹಿಡಿಯಾಗಿ ಕಾಳು ಹಾಕುತ್ತಿರಲು, ಎರಡು ಕಲ್ಲುಗಳ ಸಂದಿನಿಂದ ಸುತ್ತಲೂ ಬಿಳಿಯ ಹಿಟ್ಟು ಸಣ್ಣ ಮಳೆಯಂತೆ ಉದುರುತ್ತದೆ. ಕಲ್ಲಿನ ಸದ್ದಿಗೆ ತುಸು ಹಿಂದಾಗಿ, ಮೊದಮೊದಲು ಗುನುಗಿನಂತೆಯೂ ಬರಬರುತ್ತ ಸ್ಪಷ್ಟವಾಗಿಯೂ, ಹಾಡು ಬರುತ್ತಿತ್ತು. ಮೊದಲ ಹಾಡು ಕಲ್ಲಿಗೇ ಸಲ್ಲಬೇಕು. ಅದನ್ನು ಅವರು ತಾಯಿಯೆಂದು ಕರೆದು, ಕೈಮುಗಿದು, ಆಮೇಲೆ ತಮ್ಮ ಸುಖದುಃಖದ ಮಾತಿಗೆ ಬರುತ್ತಿದ್ದರು. ತವರಿನ ದಾರಿ, ಕರೆಯಲು ಬಾರದ ಅಣ್ಣ, ಅಂಬೆಗಾಲಿಕ್ಕುವ ಕೂಸು, ಮಾತಿಗೆ ಮುಳ್ಳಿಡುವ ಅತ್ತೆ, ಮಾತನ್ನೇ ಆಡದ ಗಂಡ, ಸೀಮೆಗೆ ಬಾರದ ಮಳೆ, ಇವೆಲ್ಲವೂ ಕಾಳಿನ ಜೊತೆಗೇ ಕಲ್ಲಿನ ಬಾಯಿಗೆ ಬೀಳುತ್ತಿದ್ದವು.

ಆ ಹಾಡುಗಳ ಕಟ್ಟಡವನ್ನು ನಾನು ಅರಿತದ್ದು ಬಹಳ ವರ್ಷಗಳ ಮೇಲೆ, ಛಂದಸ್ಸಿನ ಪುಸ್ತಕವನ್ನು ತೆರೆದಾಗ. ಅವು ತ್ರಿಪದಿಗಳು: ಮೂರು ಸಾಲು, ಮೊದಲೆರಡರಲ್ಲಿ ನಾಲ್ಕು ನಾಲ್ಕು, ಮೂರನೆಯದರಲ್ಲಿ ಮೂರು, ಒಟ್ಟು 11 ಅಂಶಗಣಗಳು, ಅವುಗಳಲ್ಲಿ 6ನೆಯದೂ 10ನೆಯದೂ ಬ್ರಹ್ಮಗಣ, ಮಿಕ್ಕವೆಲ್ಲ ವಿಷ್ಣುಗಣ. ಬಾದಾಮಿಯ ಬಂಡೆಯ ಮೇಲೆ ಸುಮಾರು 1300 ವರ್ಷಗಳ ಹಿಂದೆ ಕೊರೆದ ಕಪ್ಪೆ ಅರಭಟ್ಟನ ಶಾಸನದಲ್ಲಿ ಒಬ್ಬ ವೀರನ ಸ್ವಭಾವವನ್ನು ಹೇಳಲು ಬಳಸಿದುದೂ ಇದೇ ಛಂದಸ್ಸು. ಸರ್ವಜ್ಞನು ಊರೂರು ಅಲೆಯುತ್ತ ಆಡಿದುದೂ ಇದರಲ್ಲಿಯೇ. ಗಣವೆಂಬ ಶಬ್ದವನ್ನೇ ಕೇಳದ, ಓಲೆಯನ್ನಾಗಲಿ ಪಾಟಿಯನ್ನಾಗಲಿ ಕೈಯಲ್ಲಿ ಹಿಡಿಯದ ಆ ಹೆಂಗಸರು ಒಂದು ಗಣವೂ ತಪ್ಪದಂತೆ ಹೊಸ ತ್ರಿಪದಿಯನ್ನು ಕಲ್ಲಿನ ಮುಂದೆ ಕುಳಿತಲ್ಲಿಯೇ ಕಟ್ಟಬಲ್ಲವರಾಗಿದ್ದರು. ಅವರಿಗೆ ಗಣಗಳನ್ನು ಎಣಿಸಿಕೊಟ್ಟದ್ದು ಕಲ್ಲಿನ ಸುತ್ತು. ಎರಡನೆಯ ಸಾಲನ್ನು ಮರಳಿ ಹಾಡುವ ಸಂಪ್ರದಾಯವೊಂದಿದೆ. ಪಂಡಿತರು ಅದನ್ನು ಗೇಯತೆಯ ಲಕ್ಷಣವೆಂದು ವಿವರಿಸುತ್ತಾರೆ, ಅದು ಸರಿಯೇ ಇರಬಹುದು. ನನ್ನ ನೆನಪಿನಲ್ಲಾದರೋ ಅಜ್ಜಿ ಆ ಸಾಲನ್ನು ಮರಳಿಸುತ್ತಿರುವಾಗ ಅತ್ತೆಯ ಎಡಗೈ ಮೊರದ ಕಡೆಗೆ ಚಾಚಿ ಮುಂದಿನ ಹಿಡಿ ಕಾಳನ್ನು ತೆಗೆದುಕೊಳ್ಳುತ್ತಿರುತ್ತದೆ. ಕಾಳು ಬಾಯಿಗೆ ಬಿದ್ದು ಕಲ್ಲಿನ ಸದ್ದು ಭಾರವಾಗುತ್ತಲೇ ಮೂರನೆಯ ಸಾಲು ಹೊರಡುತ್ತದೆ. ಮರಳಿದ ಆ ಸಾಲಿನ ಬಿಡುವಿನಲ್ಲಿಯೇ ಮುಂದಿನ ಮಾತು ಅವರ ಮನಸ್ಸಿನಲ್ಲಿ ಹುಟ್ಟುತ್ತಿತ್ತೆಂದು ನಾನು ನಂಬಿದ್ದೇನೆ.

ಈ ಹಾಡುಗಳು ಅಚ್ಚಿನ ಮುಖವನ್ನು ಕಂಡುದೂ ನಮ್ಮ ಸೀಮೆಯವರಿಂದಲೇ. ಹಲಸಂಗಿಯೆಂಬ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಕೂಡಿಕೊಂಡು, ಮನೆಮನೆಯ ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡ ತ್ರಿಪದಿಗಳನ್ನು 1931ರಲ್ಲಿ 'ಗರತಿಯ ಹಾಡು' ಎಂಬ ಹೆಸರಿನಿಂದ ಪ್ರಕಟಿಸಿದರು. ಮಧುರಚೆನ್ನರು ಶ್ರೀ ಅರವಿಂದರ ದರ್ಶನದಲ್ಲಿ ಮುಳುಗಿದ ಸಾಧಕರು. ಅತೀತವನ್ನು ಹುಡುಕುತ್ತಿದ್ದ ಅಂಥವರ ಕಿವಿಯು ನೆರೆಮನೆಯ ಹಿಟ್ಟಿನ ಸದ್ದಿಗೆ ತೆರೆದುಕೊಂಡಿತೆಂಬುದು ನಮ್ಮ ಸಾಹಿತ್ಯದ ಭಾಗ್ಯಗಳಲ್ಲೊಂದು. ಧಾರವಾಡದ ಬೇಂದ್ರೆಯವರು ಈ ಗೆಳೆಯರಿಗೆ ಆಪ್ತರಾಗಿದ್ದರು. ಅವರ ಕಾವ್ಯದ ನಡಿಗೆಯಲ್ಲಿ ಈ ಕಲ್ಲಿನ ಸುತ್ತು ಎಷ್ಟು ಆಳದಲ್ಲಿ ಕೇಳಿಬರುತ್ತದೆಂಬುದನ್ನು ಅದನ್ನು ಗಟ್ಟಿಯಾಗಿ ಓದಿದವರೆಲ್ಲ ಬಲ್ಲರು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋದರೆ ನಾನು ಅಜ್ಜಿಗೆ ಅನ್ಯಾಯ ಮಾಡಿದಂತಾಗುತ್ತದೆ. ಬೀಸುವುದು ಸುಖದ ಕೆಲಸವಾಗಿರಲಿಲ್ಲ. ಆಕೆಯ ಅಂಗೈಗಳು ಗೂಟವನ್ನು ಹಿಡಿದು ಹಿಡಿದು ಕಲ್ಲಿನಷ್ಟೇ ಗಡುಸಾಗಿದ್ದವು. ಬಾಣಂತನದ ಹಸಿಮೈಯಲ್ಲಿಯೂ, ಜ್ವರದಲ್ಲಿಯೂ, ಮನೆಯಲ್ಲಿ ಸಾವಾದ ಮರುದಿನವೂ ಹಿಟ್ಟು ಬೇಕಾಗಿತ್ತು. ನಮ್ಮೂರಿಗೆ ಹಿಟ್ಟಿನ ಗಿರಣಿ ಬಂದಾಗ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಮೊದಲ ದಿನವೇ ಹೊರಟವರಲ್ಲಿ ಆಕೆಯೂ ಒಬ್ಬಳು. ಆ ದಿನ ಆಕೆಯ ಮುಖದಲ್ಲಿ ಕಂಡ ನೆಮ್ಮದಿಯನ್ನು ನಾನು ಮರೆಯಲಾರೆನು. ಹಾಡು ನಿಂತುಹೋಯಿತೆಂದು ಕೊರಗಿ ಕಲ್ಲು ಮರಳಿ ಬರಲೆಂದು ಹಾರೈಸುವ ರಸಿಕತೆಯಲ್ಲಿ ನನಗೆ ವಿಶ್ವಾಸವಿಲ್ಲ. ನಾನು ಹೇಳುತ್ತಿರುವುದಿಷ್ಟು: ಬದುಕಿನಲ್ಲಿ ಏನೊಂದೂ ನಡೆಯುವುದಿಲ್ಲವೆಂದು ದೂರಲು ಯಾರಿಗಾದರೂ ಹಕ್ಕಿದ್ದರೆ ಅದು ದಿನವೂ ಅದೇ ಮೂಲೆಯಲ್ಲಿ, ಅದೇ ಕತ್ತಲೆಯಲ್ಲಿ, ಅದೇ ಕಲ್ಲನ್ನು ತಿರುಗಿಸುತ್ತಿದ್ದ ಆ ಹೆಂಗಸರಿಗಿತ್ತು, ಆದರೂ ಕನ್ನಡದ ಅತ್ಯಂತ ಶುದ್ಧವಾದ ಭಾವಗೀತಗಳಲ್ಲಿ ಕೆಲವನ್ನು ಕಟ್ಟಿದವರು ಅವರೇ.

ಕೈಯ ಕೆಲಸದಿಂದ ಮಾತು ಹುಟ್ಟುವ ಈ ವಿದ್ಯಮಾನವು ನಮ್ಮ ನಾಡಿನಲ್ಲಿ ಹೊಸದೇನೂ ಅಲ್ಲ. 12ನೆಯ ಶತಮಾನದ ವಚನಕಾರರ ಹೆಸರುಗಳನ್ನೇ ಒಮ್ಮೆ ನಿಧಾನವಾಗಿ ಉಚ್ಚರಿಸಿ ನೋಡಿ: ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ, ತುರುಗಾಹಿ ರಾಮಣ್ಣ, ಆಯ್ದಕ್ಕಿ ಲಕ್ಕಮ್ಮ, ಕೊಟ್ಟಣದ ಸೋಮಮ್ಮ. ಹುಟ್ಟು, ಅಗಸನ ಕಲ್ಲು, ಬಿದಿರು, ದನಗಳ ಹಿಂಡು, ನೆಲದಿಂದ ಆಯ್ದ ಅಕ್ಕಿ, ಭತ್ತ ಕುಟ್ಟುವ ಒನಕೆ, ಇವೇ ಅವರ ಬಿರುದಾವಳಿ. ಇವರಿಗೂ ಹಿರಿಯನಾದ ಜೇಡರ ದಾಸಿಮಯ್ಯನು ಮಗ್ಗದ ಮುಂದೆ ಕುಳಿತವನು. ನುಲಿಯ ಚಂದಯ್ಯನು ಹುಲ್ಲು ಕೊಯ್ದು ಹಗ್ಗ ಹೊಸೆಯುವ ಕಾಯಕದವನು. ಹುಲ್ಲು ಕೊಯ್ಯುತ್ತಿರುವಾಗ ಇಷ್ಟಲಿಂಗವೇ ಜಾರಿ ಬಿದ್ದರೂ ಅವನು ಕೆಲಸವನ್ನು ಬಿಡಲಿಲ್ಲವೆಂಬ ಕಥೆಯನ್ನು ಶರಣಪರಂಪರೆಯು ಆದರದಿಂದ ಉಳಿಸಿಕೊಂಡು ಬಂದಿದೆ. ನೂಲುವವಳಾದ ಕದಿರ ರೆಮ್ಮವ್ವೆಯಂತೂ ತಾನು ದಿನವೂ ತಿರುಹುವ ರಾಟೆಯ ಹಲಗೆ ಕಂಬಗಳಲ್ಲಿಯೇ ತ್ರಿಮೂರ್ತಿಗಳನ್ನು ಕಂಡು, ಮರದ ಆ ಯಂತ್ರದ ವಂಶಾವಳಿಯನ್ನು ವಚನದಲ್ಲಿ ಹೇಳಿದಳು. ಅಲಂಕಾರಕ್ಕೆಂದು ರಾಟೆಯನ್ನು ಹೊರಗಿನಿಂದ ಎತ್ತಿಕೊಂಡು ತಂದವರಿಗೆ ಆ ವಚನ ಸಾಧ್ಯವಾಗುತ್ತಿರಲಿಲ್ಲ. ಎಳೆ ಎಲ್ಲಿ ತುಂಡಾಗುತ್ತದೆ, ಕದಿರು ಎಲ್ಲಿ ಸೊಟ್ಟಗಾದರೆ ನೂಲು ಕೆಡುತ್ತದೆ ಎಂಬುದನ್ನು ಬೆರಳಿನ ತುದಿಯಲ್ಲಿ ಅರಿತವಳಿಗೆ ಮಾತ್ರ ಅದು ಒಲಿಯಿತು.

ಈ ವಚನಗಳು ಓಲೆಗರಿಗಳ ಕಟ್ಟುಗಳಾಗಿ ಮನೆಗಳ ಜಗಲಿಯ ಮೇಲೆ, ಮಠಗಳ ಮೂಲೆಯಲ್ಲಿ ಶತಮಾನಗಳ ಧೂಳನ್ನುಂಡು ಮಲಗಿದ್ದಾಗ, ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ. ಗು. ಹಳಕಟ್ಟಿಯವರು ಅವುಗಳನ್ನು ಸಂಗ್ರಹಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದು, ತಮ್ಮ ಜೀವಿತವನ್ನೂ ಗಳಿಕೆಯನ್ನೂ ಅದೇ ಕಾರ್ಯಕ್ಕೆ ಸವೆಸಿದರು. ಅವರ ಪರಿಶ್ರಮವೂ ಒಂದು ಕಾಯಕವೇ. ನಕಲು ತೆಗೆಯುವುದು, ಪಾಠ ಕೂಡಿಸುವುದು, ಕರಡು ತಿದ್ದುವುದು, ದಿನವೂ ಮಾಡಬೇಕಾದ, ಯಾರ ಕಣ್ಣಿಗೂ ಬೀಳದ ಕೆಲಸ.

ಪುಸ್ತಕಗಳನ್ನು ಬಿಟ್ಟು ನಾವು ಆಡುವ ಮಾತಿಗೇ ಬಂದರೂ, ಅದರಲ್ಲಿ ಹೆಜ್ಜೆಹೆಜ್ಜೆಗೂ ದುಡಿಮೆಯ ಗುರುತುಗಳು ಕಾಣಸಿಗುತ್ತವೆ. ಒಂದು ವಿಚಾರವು ಕೃತಿಯಲ್ಲಿ ಹಾಸುಹೊಕ್ಕಾಗಿದೆ ಎನ್ನುವ ವಿಮರ್ಶಕನು ತನಗರಿವಿಲ್ಲದೆಯೇ ಮಗ್ಗದ ಮುಂದೆ ಕುಳಿತಿರುತ್ತಾನೆ, ಏಕೆಂದರೆ ಹಾಸು ಉದ್ದನೆಯ ಎಳೆ, ಹೊಕ್ಕು ಅಡ್ಡನೆಯ ಎಳೆ. ಒರೆಗೆ ಹಚ್ಚುವುದನ್ನೂ ಪುಟಕ್ಕಿಡುವುದನ್ನೂ ನಮಗೆ ಕಲಿಸಿದವನು ಅಕ್ಕಸಾಲಿಗ. ಇವೆಲ್ಲವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದ ಶಬ್ದ 'ಹದ'. ಮಳೆ ಬಿದ್ದು ನೆಲವು ಅತಿಯಾಗಿ ಒದ್ದೆಯೂ ಅಲ್ಲದೆ ಒಣಗಿಯೂ ಇಲ್ಲದೆ ಬಿತ್ತನೆಗೆ ಸಿದ್ಧವಾದ ಸ್ಥಿತಿಗೆ ರೈತನು ಹದವೆನ್ನುತ್ತಾನೆ. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು ಬೆಲ್ಲವಾಗುವ ಕ್ಷಣವನ್ನು ಬೆರಳಿಗೆ ಅಂಟುವ ಎಳೆಯಿಂದ ತಿಳಿಯುವ ಗಾಣದವನೂ, ಉಪ್ಪಿನಕಾಯಿಗೆ ಖಾರ ಕಲಸುವ ಮುತ್ತೈದೆಯೂ, ತಂಬೂರಿಯ ತಂತಿಯನ್ನು ಬಿಗಿಯುವ ಗಾಯಕನೂ, ತೊಗಲನ್ನು ಮೆದುಮಾಡುವ ಸಮಗಾರನೂ ಬಳಸುವುದು ಅದೇ ಶಬ್ದವನ್ನು. ಹದವನ್ನು ಅಳೆಯುವ ಮಾಪಕವಿಲ್ಲ, ಅದನ್ನು ಹೇಳಿ ಕಲಿಸಲೂ ಬರುವುದಿಲ್ಲ. ನೂರು ಸಲ ಕೈಯಿಟ್ಟವನಿಗೆ ನೂರೊಂದನೆಯ ಸಲ ಅದು ತಾನಾಗಿ ತಿಳಿಯುತ್ತದೆ. ಕವಿತೆಯೊಂದರಲ್ಲಿ ಇನ್ನೊಂದು ಪದವನ್ನು ಸೇರಿಸಿದರೆ ಕೆಡುತ್ತದೆಂಬ ಅರಿವೂ ಇದೇ ಜಾತಿಯದು. ಕಾವ್ಯದ ಶೈಲಿಗಳನ್ನು ದ್ರಾಕ್ಷಾಪಾಕ, ಕದಲೀಪಾಕ, ನಾರಿಕೇಳಪಾಕವೆಂದು ವಿಂಗಡಿಸಿದ ನಮ್ಮ ಪ್ರಾಚೀನ ಲಾಕ್ಷಣಿಕರು ತಮ್ಮ ಪರಿಭಾಷೆಯನ್ನು ಅಡುಗೆಮನೆಯಿಂದಲೂ ಹಣ್ಣಿನ ಬುಟ್ಟಿಯಿಂದಲೂ ತೆಗೆದುಕೊಂಡಾಗ ಸಂಕೋಚಪಟ್ಟಂತೆ ಕಾಣುವುದಿಲ್ಲ.

ಹೆಂಗಸರ ಸೂಜಿಯ ಕೆಲಸದಲ್ಲಿ ಇದೇ ಸತ್ಯವು ಇನ್ನಷ್ಟು ಸುಂದರವಾಗಿ ಕಾಣುತ್ತದೆ. ಧಾರವಾಡ ಸೀಮೆಯ ಕಸೂತಿಯಲ್ಲಿ ಗಾವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆಗಳಿವೆ. ಬಟ್ಟೆಯ ಮೇಲೆ ಮೊದಲು ಚಿತ್ರವನ್ನು ಬರೆದುಕೊಳ್ಳುವ ಪದ್ಧತಿಯಿಲ್ಲ. ಎಳೆಗಳನ್ನು ಕಣ್ಣಿನಿಂದ ಎಣಿಸುತ್ತ ಎಣಿಸುತ್ತ ಹೋಗಬೇಕು, ಗಂಟು ಹಾಕಬಾರದು, ಗಾವಂತಿಯಲ್ಲಿ ಬಟ್ಟೆಯ ಒಳಮೈಯೂ ಹೊರಮೈಯೂ ಒಂದೇ ಆಗಿ ಕಾಣಬೇಕು. ಇಷ್ಟು ಕಟ್ಟುನಿಟ್ಟಿನ ಕಲೆಯು ಇಳಕಲ್ಲ ಸೀರೆಯ ಮೈಮೇಲೆ ಬಿಡಿಸುವುದಾದರೂ ಏನನ್ನು? ಅಂಗಳದ ತುಳಸಿಕಟ್ಟೆ, ಕೂಸಿನ ತೊಟ್ಟಿಲು, ಊರಜಾತ್ರೆಯ ತೇರು, ಗುಡಿಯ ಗೋಪುರ, ಅಂಬಾರಿಯ ಆನೆ, ನವಿಲು. ನಾಲ್ಕನೆಯ ಹೊಲಿಗೆಗೆ ಹೆಸರು ಬಂದುದು ಒಗ್ಗರಣೆಯ ಡಬ್ಬಿಯಲ್ಲಿನ ಮೆಂತೆಯ ಕಾಳಿನಿಂದ. ಹಾಗೆ ಹೆಸರಿಟ್ಟ ಆ ಮೊದಲ ಹೆಣ್ಣುಮಗಳು ಯಾರೆಂಬುದು ಎಲ್ಲಿಯೂ ದಾಖಲಾಗಿಲ್ಲ. ಆದರೆ ಸಣ್ಣಸಣ್ಣ ಅಡ್ಡಹೊಲಿಗೆಗಳು ಒತ್ತೊತ್ತಾಗಿ ಕೂತುದನ್ನು ನೋಡಿ ಆಕೆಗೆ ಅಂಗೈಯಲ್ಲಿನ ಮೆಂತೆ ನೆನಪಾಯಿತಲ್ಲ, ಆ ಒಂದು ನಿಮಿಷದ ಹೊಳಹಿಗೆ ಸ್ಫೂರ್ತಿಯೆಂಬುದಕ್ಕಿಂತ ಚಿಕ್ಕ ಹೆಸರನ್ನು ನಾನು ಕೊಡಲಾರೆನು. ಹಳೆಯ ಸೀರೆ ಧೋತರಗಳ ಚೂರುಗಳನ್ನು ಕೂಡಿಸಿ ಹೊಲಿಯುವ ಕೌದಿಯ ವಿಷಯವನ್ನೂ, ಮಲೆನಾಡಿನ ದೀವರ ಮನೆಗಳಲ್ಲಿ ಪುಂಡಿನಾರಿನ ಕುಂಚದಿಂದ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಬರೆಯುವ ಹಸೆ ಚಿತ್ತಾರದ ವಿಷಯವನ್ನೂ ಹೀಗೆಯೇ ಹೇಳಬಹುದಾದರೂ, ಅವುಗಳಿಗೆ ಪ್ರತ್ಯೇಕ ಲೇಖನಗಳೇ ಬೇಕು.

ಇಷ್ಟು ಹೊತ್ತಿಗೆ ಆ ತರುಣನು ನನ್ನನ್ನು ತಡೆದು, "ನೀವು ಹೇಳುವುದೆಲ್ಲ ಹಳ್ಳಿಯ ಮಾತು, ನಾನು ಕಲ್ಲು ಬೀಸುವುದಿಲ್ಲ, ನೂಲುವುದಿಲ್ಲ, ಮೇಜಿನ ಮುಂದೆ ಕುಳಿತು ಕಾಗದ ತಿರುವುತ್ತೇನೆ" ಎಂದಾನು. ಆಗ ನಾನು ಅವನಿಗೆ ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಕೆ. ಎಸ್. ನರಸಿಂಹಸ್ವಾಮಿಯವರನ್ನು ನೆನಪಿಸುತ್ತೇನೆ. ಸರಕಾರಿ ಕಚೇರಿಯ ಗುಮಾಸ್ತೆಯ ಕೆಲಸದಲ್ಲಿಯೇ ಜೀವಮಾನದ ಬಹುಭಾಗವನ್ನು ಕಳೆದ ಅವರಿಗೆ ದೊರೆತ ದೈನಿಕವು ಈ ತರುಣನ ದೈನಿಕಕ್ಕಿಂತ ಬಣ್ಣದ್ದಾಗಿರಲಿಲ್ಲ. ಅವರ 'ಮೈಸೂರ ಮಲ್ಲಿಗೆ' ಬೆಳಕು ಕಂಡದ್ದು 1942ರಲ್ಲಿ. ಹೊರಗೆ ಮಹಾಯುದ್ಧ, ದೇಶದೊಳಗೆ ಚಲೇಜಾವ್ ಚಳವಳಿಯ ಕಿಚ್ಚು. ಅಂಥ ಕಾಲದಲ್ಲಿ ಹೊಸದಾಗಿ ಮದುವೆಯಾದ ಗಂಡಹೆಂಡಿರ ಸರಸವನ್ನು, ಮಾವನ ಮನೆಗೆ ಹೋಗುವ ಅಳಿಯನನ್ನು, ತವರಿನ ಸುದ್ದಿಯನ್ನು ಹೊತ್ತು ತಿರುಗುವ ಬಳೆಗಾರನನ್ನು, ಶಾನುಭೋಗರ ಮಗಳನ್ನು ಕುರಿತು ಬರೆಯಲು ಧೈರ್ಯ ಬೇಕಾಗಿತ್ತು, ಏಕೆಂದರೆ ಇವೆಲ್ಲ ಕಾವ್ಯಕ್ಕೆ ತೀರ ಸಣ್ಣ ವಸ್ತುಗಳೆಂದು ಹೇಳುವವರಿದ್ದರು. ಆ ಪುಸ್ತಕವು ಮುದ್ರಣದ ಮೇಲೆ ಮುದ್ರಣವನ್ನು ಕಂಡು, ಮದುವೆಯ ಉಡುಗೊರೆಯಾಗಿ ಕೈಯಿಂದ ಕೈಗೆ ಸಾಗಿ, ಓದು ಬಾರದವರ ನಾಲಗೆಯ ಮೇಲೂ ಹಾಡಾಗಿ ನಿಂತಿತು. ದಾಂಪತ್ಯವನ್ನು ಅವರು ದೂರದಿಂದ ವೀಕ್ಷಿಸಿ ಬರೆದವರಲ್ಲ, ಅದರ ಬಡತನ, ಮುನಿಸು, ಮಲ್ಲಿಗೆ ಎಲ್ಲದರಲ್ಲಿಯೂ ಒಕ್ಕಲಾಗಿದ್ದು ಬರೆದವರು.

ರೂಢಿಯು ಕಣ್ಣನ್ನು ಮಂದಗೊಳಿಸುತ್ತದೆಂಬುದು ನಿಜ. ದಿನವೂ ಇಳಿಯುವ ಮೆಟ್ಟಿಲುಗಳು ಎಷ್ಟೆಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ತಡವರಿಸುತ್ತೇವೆ. ಈ ಮಂದತೆಗೆ ಮದ್ದು ಹೊಸ ಮೆಟ್ಟಿಲುಗಳನ್ನು ಹುಡುಕಿಕೊಂಡು ಹೋಗುವುದಲ್ಲ. ಅವೇ ಮೆಟ್ಟಿಲುಗಳನ್ನು ಒಮ್ಮೆ ನಾವೇ ಗುಡಿಸಿದರೆ ಯಾವುದರ ಅಂಚು ಸವೆದಿದೆ, ಯಾವುದರ ಸಂದಿನಲ್ಲಿ ಹುಲ್ಲು ಮೂಡಿದೆ ಎಂಬುದು ಕೈಗೇ ತಿಳಿಯುತ್ತದೆ. ಮೈಸೂರಿನಲ್ಲಿ ಹುಟ್ಟಿದ ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣರು ಬಾಲ್ಯದಿಂದ ಮುಪ್ಪಿನವರೆಗೂ ಬರೆದು ದಣಿಯದ ಹಕ್ಕಿಯೆಂದರೆ ಕಾಗೆ. ಊಟದ ತುತ್ತಿಗೆ ಹೊಂಚುವ, ನಾವು ದಿನಕ್ಕೆ ಹತ್ತು ಸಲ ಕೈಬೀಸಿ ಓಡಿಸುವ ಆ ಕರಿಯ ಹಕ್ಕಿಯ ಕೊರಳಿನ ಓಲು, ಹೆಜ್ಜೆಯ ಗತ್ತು, ಒಂದೇ ಕಣ್ಣಿನಿಂದ ಲೋಕವನ್ನಳೆಯುವ ಜಾಣತನ, ಇವುಗಳನ್ನು ಅವರು ನೂರಾರು ಬಾರಿ ಬರೆದರು. ಬರೆಯುವ ಕೈಯೇ ಅವರಿಗೆ ನೋಡುವ ಕಣ್ಣಾಗಿತ್ತು. ಆದುದರಿಂದ ಆ ತರುಣನು ಮುಂದಿನ ಸಲ ಬಂದಾಗ, ಅವನು ದಿನವೂ ಹತ್ತುವ ಬಸ್ಸಿನ ಚಾಲಕನು ಗೇರು ಬದಲಿಸುವಾಗ ಇಂಜಿನ್ನಿನ ದನಿ ಹೇಗೆ ತಗ್ಗಿ ಏಳುತ್ತದೆ, ನಿರ್ವಾಹಕನು ಚಿಲ್ಲರೆಯನ್ನು ಎಣಿಸದೆಯೇ ಬೆರಳಿನಿಂದ ಗುರುತಿಸುವುದು ಹೇಗೆ ಎಂದು ಕೇಳಬೇಕೆಂದಿದ್ದೇನೆ. ಹಾಗೆಯೇ ಮನೆಯಲ್ಲಿ ತಾಯಿ ರೊಟ್ಟಿ ತಟ್ಟುವಾಗ ಒಂದು ವಾರ ಪಕ್ಕದಲ್ಲಿ ಕುಳಿತು ತಾನೂ ತಟ್ಟಬೇಕೆಂದು ಹೇಳಬೇಕೆಂದಿದ್ದೇನೆ. ಮೊದಲ ನಾಲ್ಕು ದಿನ ರೊಟ್ಟಿ ಹರಿಯುತ್ತದೆ. ಐದನೆಯ ದಿನ ಕಲ್ಲು, ಹಿಟ್ಟು, ಅಂಗೈ ಮೂರಕ್ಕೂ ನಡುವೆ ಒಂದು ತಾಳ ಕೂಡಿಕೊಳ್ಳುತ್ತದೆ. ಪದ್ಯಕ್ಕಾಗಿ ಕಾಯುವವನು ಕಾಯಬೇಕಾದ ಸ್ಥಳ ಅದು.

ಬೀಸುವ ಕಲ್ಲಿನ ವಿಷಯದಲ್ಲಿ ನಾನೇ ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಅಜ್ಜಿ ತೀರಿಹೋಗಿ ಎಷ್ಟೋ ವರ್ಷಗಳಾದ ಮೇಲೆ, ಹಾಡುಗಳು ಸೋದರತ್ತೆಯೊಡನೆಯೇ ಹೋಗಿಬಿಟ್ಟಾವೆಂಬ ಭಯದಿಂದ, ನಾನೊಂದು ದಪ್ಪ ನೋಟುಪುಸ್ತಕವನ್ನು ಹಿಡಿದುಕೊಂಡು ಊರಿಗೆ ಹೋದೆನು. ಪಡಸಾಲೆಯಲ್ಲಿ ಕಂಬಳಿ ಹಾಸಿ, ಅತ್ತೆಯನ್ನು ಗೋಡೆಗೊರಗಿಸಿ ಕೂಡಿಸಿ, ಪೆನ್ನು ತೆರೆದು, ಹಾಡೆಂದು ಕೇಳಿದೆನು. ಆಕೆ ಬಹಳ ಹೊತ್ತು ಯೋಚಿಸಿದಳು. ಒಂದು ಸಾಲು ಬಂತು, ಎರಡನೆಯದು ಅರ್ಧಕ್ಕೆ ನಿಂತಿತು. ಇನ್ನೊಂದನ್ನು ಹಿಡಿದಳು, ಅದೂ ಹಾಗೆಯೇ ಆಯಿತು. ಎಂಬತ್ತು ದಾಟಿದ ಆ ಮುದುಕಿಯ ಕಣ್ಣಲ್ಲಿ ನೀರು ಬಂದುದನ್ನು ಕಂಡು ನನಗೆ ನಾಚಿಕೆಯಾಯಿತು. ಎಲ್ಲವೂ ಮರೆತುಹೋಯಿತೆಂದು ಆಕೆ ತನ್ನನ್ನೇ ಹಳಿದುಕೊಳ್ಳುತ್ತಿದ್ದಳು. ಕೈಕೊಟ್ಟದ್ದು ನನ್ನ ಬುದ್ಧಿ, ಆಕೆಯ ನೆನಪಲ್ಲ.

ಆಗ ಮನೆಯ ಸೊಸೆ, ಓದಿದವಳಲ್ಲದಿದ್ದರೂ ಇಂಥದನ್ನು ನನಗಿಂತ ಚೆನ್ನಾಗಿ ತಿಳಿದವಳು, ಹಿತ್ತಲಲ್ಲಿ ಬಾಳೆಯ ಬುಡಕ್ಕೆ ಮಗುಚಿ ಬಿದ್ದಿದ್ದ ಕಲ್ಲನ್ನು ಇಬ್ಬರ ಸಹಾಯದಿಂದ ಒಳಗೆ ತರಿಸಿ, ತೊಳೆದು, ಒರೆಸಿ, ನಡುಗೂಟವನ್ನು ಸರಿಪಡಿಸಿ, ಒಂದು ಮೊರದಲ್ಲಿ ಎರಡು ಸೇರಿನಷ್ಟು ಜೋಳವನ್ನು ತಂದು ಪಕ್ಕದಲ್ಲಿಟ್ಟಳು. ಅತ್ತೆ ಒಂದು ಕಾಲನ್ನು ಚಾಚಿ, ಇನ್ನೊಂದನ್ನು ಮಡಿಸಿ, ಹಳೆಯ ಭಂಗಿಯಲ್ಲಿ ಕುಳಿತಳು. ಕಲ್ಲಿಗೆ ಕೈಮುಟ್ಟಿಸಿ ಕಣ್ಣಿಗೊತ್ತಿಕೊಂಡಳು. ಎದುರಿಗೆ ಸೊಸೆ ಗೂಟಕ್ಕೆ ಕೈಹಚ್ಚಿದಳು. ಕಲ್ಲು ಮೊದಲು ಕಿರುಗುಟ್ಟಿತು, ಆಮೇಲೆ ನಾನು ಬಾಲ್ಯದಲ್ಲಿ ಹಾಸಿಗೆಯಲ್ಲಿ ಕೇಳುತ್ತಿದ್ದ ಆ ಗುಡುಗುಡು ಸದ್ದು ನೆಲದಿಂದ ಎದ್ದಿತು. ಮೂರು ಸುತ್ತು ಮುಗಿಯುವಷ್ಟರಲ್ಲಿ ಹಾಡು ಬಂದಿತು. ಒಂದರ ಹಿಂದೊಂದು ಬಂದವು. ತವರಿನವು, ಕೂಸಿನವು, ನಾನು ಎಂದೂ ಕೇಳದಿದ್ದವು, ಕೊನೆಕೊನೆಗೆ ಅಂದು ಮಧ್ಯಾಹ್ನವೇ ಕಟ್ಟಿದ, ಪೇಟೆಯಿಂದ ಪುಸ್ತಕ ಹಿಡಿದು ಬಂದ ಅಳಿಯನನ್ನು ಕುರಿತದ್ದೂ ಒಂದು. ನನ್ನ ಕೈ ಆ ವೇಗಕ್ಕೆ ಸಾಲದಾಯಿತು. ಎಷ್ಟೋ ಹಾಡುಗಳು ಕಾಗದಕ್ಕೆ ಇಳಿಯುವ ಮುನ್ನವೇ ಹಿಟ್ಟಿನೊಂದಿಗೆ ಉದುರಿಹೋದವು.

ಕಲ್ಲಿನ ಸದ್ದು ಬರಿದಾಗುತ್ತ ಬಂದು, ಆಕೆ ಕೈಬಿಟ್ಟಳು. ಇನ್ನೊಂದು, ಇನ್ನೊಂದೇ ಹಾಡೆಂದು ನಾನು ಬೇಡಿಕೊಂಡೆನು. ಅತ್ತೆ ಸೆರಗಿನಿಂದ ಹಣೆಯ ಬೆವರನ್ನೊರೆಸಿಕೊಂಡು ಮೊರವನ್ನು ನನ್ನ ಕಡೆಗೆ ವಾಲಿಸಿ ತೋರಿಸಿದಳು.

"ಕಾಳ ತೀರಿದ್ವಲ್ಲೋ ತಮ್ಮಾ" ಎಂದು ಹೇಳಿ, ಒಂದು ಹಳೆಯ ಬಟ್ಟೆಯ ತುಂಡಿನಿಂದ ಕಲ್ಲಿನ ಸುತ್ತಲಿನ ಹಿಟ್ಟನ್ನು ಬಳಿದು ಕೂಡಿಸತೊಡಗಿದಳು.